ಗುಳುಗುಳು ಸದ್ದಿನ ಬೆನ್ನು ಹತ್ತಿ

ಅಕ್ವೇರಿಯಂ ಅಂಗಡಿಯಲ್ಲಿ ಸಂಪ್ ಇರುವ ತೊಟ್ಟಿ ನೋಡಿ ಮರುಳಾಗದವರು ಕಡಿಮೆ. ಫಿಲ್ಟರು, ಹೀಟರು, ಪೈಪು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಮೀನು, ಗಿಡ, ನೀರು ಅಷ್ಟೇ. ಮಿಕ್ಕಿದ್ದೆಲ್ಲ ಕೆಳಗೆ ಕ್ಯಾಬಿನೆಟ್ಟಿನೊಳಗಿನ ಇನ್ನೊಂದು ತೊಟ್ಟಿಯಲ್ಲಿ. ಅದೇ ಸಂಪ್. ಮನೆ ಮುಂದೆ ನೆಲದಡಿ ಕಾವೇರಿ ನೀರು ತುಂಬಿಸಿಕೊಳ್ಳುವ ಸಂಪ್ ಅಲ್ಲ. ಮೇಲಿನ ತೊಟ್ಟಿಯ ಮೂಲೆಯಲ್ಲಿರುವ ಓವರ್‌ಫ್ಲೋ ಬಾಕ್ಸಿಗೆ ನೀರು ಉಕ್ಕಿ ಬಂದು, ಡ್ರೇನ್ ಪೈಪಿನಲ್ಲಿ ಇಳಿದು, ಸಂಪಿನ ಸ್ಪಂಜು, ಸೆರಾಮಿಕ್ ಉಂಗುರಗಳನ್ನು ಹಾದು, ಕೊನೆಯ ಕೋಣೆಯ ಪಂಪಿನಿಂದ ಮತ್ತೆ ಮೇಲೇರುತ್ತದೆ. ಅಂಗಡಿಯ ಏರ್‌ಪಂಪುಗಳ ಗದ್ದಲದಲ್ಲಿ ಇದರ ಸದ್ದು ಕೇಳಿಸುವುದಿಲ್ಲ. ಮನೆಗೆ ತಂದು ಸ್ವಿಚ್ ಹಾಕಿದ ಮೇಲೆ ಕೇಳಿಸುತ್ತದೆ.

ನನ್ನದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಸಿಹಿನೀರಿನ ತೊಟ್ಟಿ. ತುಂಬಿದರೆ 340 ಲೀಟರ್ ಹತ್ತಿರ ಹಿಡಿಯುತ್ತದೆ. ಒಳಗೆ ಏಂಜೆಲ್ ಮೀನುಗಳು, ತಳದಲ್ಲಿ ಕೋರಿಡೋರಾಸ್. ನಾನು ಪ್ಲಂಬರೂ ಅಲ್ಲ, ಎಂಜಿನಿಯರೂ ಅಲ್ಲ. ಕೆಳಗಿನ ಪಾಠಗಳಲ್ಲಿ ಹೆಚ್ಚಿನವು ನೆಲ ಒರೆಸುತ್ತಾ ಕೂತಾಗ ಹೊಳೆದವು.

1. ಸದ್ದು ಮಾಡುವುದು ನೀರಲ್ಲ, ಗಾಳಿ.

ಇದು ಗೊತ್ತಾಗುವ ಮುಂಚೆ ನಾನು ಮಾಡಿದ ಕೆಲಸ ಅಂದರೆ ಸದ್ದನ್ನು ಮುಚ್ಚಿಡಲು ನೋಡಿದ್ದು. ಡ್ರೇನ್ ಪೈಪಿಗೆ ಥರ್ಮಾಕೋಲ್ ಸುತ್ತಿದೆ. ಕ್ಯಾಬಿನೆಟ್ಟಿನ ಬಾಗಿಲಿನ ಒಳಗೆ ಹಳೆ ಯೋಗ ಮ್ಯಾಟ್ ಕತ್ತರಿಸಿ ಅಂಟಿಸಿದೆ. ಸದ್ದು ಸ್ವಲ್ಪ ದಪ್ಪ ಆಯಿತೇ ಹೊರತು ಕಡಿಮೆ ಆಗಲಿಲ್ಲ. "ನೀನು ಸಾಕ್ತಿರೋದು ಮೀನೋ ಮೋಟ್ರೋ?" ಅಂತ ಅಮ್ಮ ಕೇಳಿದ್ದು ಆಗಲೇ.

ಬಾತ್‌ರೂಮಿನ ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್ ಒಂದು ನಿಮಿಷ ಕಿವಿಗೊಟ್ಟು ಕೇಳಿ, "ಸಾರ್, ಇದಕ್ಕೆ ಏರ್ ಪೈಪ್ ಎಲ್ಲಿ ಬಿಟ್ಟಿದ್ದೀರ?" ಅಂದ. ತಾರಸಿ ಮೇಲಿನ ಟ್ಯಾಂಕಿನಿಂದ ಇಳಿಯುವ ಲೈನಿಗೆ ಪಕ್ಕದಲ್ಲೊಂದು ಬಾಯಿ ತೆರೆದ ಪೈಪು ಮೇಲಕ್ಕೆ ನಿಂತಿರುತ್ತದಲ್ಲ, ಅದನ್ನು ನೆನಪಿಸಿದ. ಅದು ಗಾಳಿ ಹೋಗಿ ಬರುವ ದಾರಿ. ದಾರಿ ಇಲ್ಲದಿದ್ದರೆ ಗಾಳಿಯೂ ನೀರೂ ಒಂದೇ ಪೈಪಿನಲ್ಲಿ ಗುದ್ದಾಡುತ್ತವೆ. 20 ಲೀಟರಿನ ನೀರಿನ ಕ್ಯಾನನ್ನು ಡಿಸ್ಪೆನ್ಸರ್ ಮೇಲೆ ಬೋರಲು ಹಾಕಿದಾಗ ಗೊಳಗೊಳ ಅನ್ನುವುದು ಇದೇ ಜಗಳ.

ಪೈಪಿನ ತುಂಬ ನೀರೇ ಇದ್ದರೆ ಸದ್ದಿಲ್ಲ. ನೀರು ಗೋಡೆಗಂಟಿಕೊಂಡು ತೆಳ್ಳಗೆ ಜಾರಿ, ನಡುವೆ ಗಾಳಿ ಸಲೀಸಾಗಿ ಓಡಾಡಿದರೂ ಸದ್ದು ಅಷ್ಟಕ್ಕಷ್ಟೇ. ಇವೆರಡರ ಮಧ್ಯದ ಸ್ಥಿತಿಯೇ ಕಾಟ. ಸಂಪಿನಲ್ಲಿ ಏಳುವ ಗುಳ್ಳೆಗಳಿಗೂ ಮೂಲ ಅದೇ. ಹಾಗಾಗಿ ಸದ್ದು ಬೇರೆ, ಗುಳ್ಳೆ ಬೇರೆ ಅಂತ ಎರಡು ಕಾಯಿಲೆಗೆ ಮದ್ದು ಹುಡುಕುವ ಕೆಲಸ ಹೆಚ್ಚಿನ ಮಟ್ಟಿಗೆ ಇಲ್ಲ. ಗಾಳಿ ಎಲ್ಲಿ ನುಗ್ಗುತ್ತಿದೆ, ಎಲ್ಲಿಂದ ಹೊರಬೀಳುತ್ತಿದೆ ಅಂತ ಮೊದಲು ನೋಡಿ.

2. ಪಂಪಿನ ಡಬ್ಬಿ ಮೇಲಿನ ಅಂಕಿ ನಿಮ್ಮ ಮನೆಯ ಅಂಕಿ ಅಲ್ಲ.

ಡಬ್ಬಿ ಮೇಲೆ ಗಂಟೆಗೆ 3000 ಲೀಟರ್ ಅಂತಿತ್ತು. ಅದು ಮೇಲಕ್ಕೆ ಎತ್ತುವ ಕೆಲಸವೇ ಇಲ್ಲದಾಗಿನ ಲೆಕ್ಕ. ರಿಟರ್ನ್ ಪೈಪಿನ ತುದಿಗೆ 15 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿದರೆ ತುಂಬಲು 30 ಸೆಕೆಂಡ್ ಬೇಕಾಯಿತು. ಅಂದರೆ ಗಂಟೆಗೆ 1800. ಡ್ರೇನ್ ಇಳಿಸಬೇಕಾದದ್ದು ಇಷ್ಟನ್ನೇ. ಪೈಪಿನ ಅಳತೆ ತೀರ್ಮಾನಿಸುವ ಮುಂಚೆ ಈ ಬಕೆಟ್ ಪರೀಕ್ಷೆ ಮಾಡಬೇಕಿತ್ತು. ನಾನು ಪೈಪು ಅಂಟಿಸಿ ಆದ ಮೇಲೆ ಮಾಡಿದೆ.

3. ಕ್ಯಾಪಿನಲ್ಲಿ ತೂತು ಬೇಕು, ಆದರೆ ಎಷ್ಟು ದೊಡ್ಡದು ಅಂತ ಕಿವಿಯೇ ಹೇಳಬೇಕು.

ನಾನು ಮೊದಲು ಕಟ್ಟಿದ್ದು ಡರ್ಸೋ ಪೈಪು. ಅಮೆರಿಕದ ಹವ್ಯಾಸಿ ರಿಚರ್ಡ್ ಡರ್ಸೋ ಹೆಸರಿನಲ್ಲಿ ಓಡಾಡುವ ವಿನ್ಯಾಸ. ಓವರ್‌ಫ್ಲೋ ಬಾಕ್ಸಿನೊಳಗೆ ನೇರ ನಿಂತ ಪೈಪಿನ ತಲೆಗೊಂದು ಟೀ. ಟೀಯ ಪಕ್ಕದ ಬಾಯಿಗೆ ಎಲ್ಬೋ ಹಾಕಿ ನೀರೊಳಗೆ ಕೆಳಮುಖ ಮಾಡುತ್ತಾರೆ. ಮೇಲಿನ ಬಾಯಿಗೆ ಎಂಡ್ ಕ್ಯಾಪ್, ಕ್ಯಾಪಿನಲ್ಲೊಂದು ತೂತು. ನೀರು ಮೇಲ್ಮೈಯ ಕೆಳಗಿನಿಂದ ಒಳಹೋಗುತ್ತದೆ, ಗಾಳಿ ಮೇಲಿನ ತೂತಿನಿಂದ. ಇಬ್ಬರಿಗೂ ಬೇರೆ ಬೇರೆ ಬಾಗಿಲು.

ನಾನು ತೂತನ್ನೇ ಕೊರೆಯಲಿಲ್ಲ. ಪೈಪಿಗೆ ತೂತು ಹಾಕಿದರೆ ಸೋರುವುದಿಲ್ಲವೇ ಅನ್ನುವ ಬುದ್ಧಿವಂತಿಕೆ! ಆಮೇಲೆ ಆದದ್ದು ನೋಡಲು ಮಜವಾಗಿತ್ತು, ಬೇರೆಯವರ ಮನೆಯದಾಗಿದ್ದರೆ. ಬಾಕ್ಸಿನಲ್ಲಿ ನೀರು ನಿಧಾನಕ್ಕೆ ಏರುತ್ತದೆ. ಪೈಪು ಪೂರ್ತಿ ತುಂಬಿದ ಕೂಡಲೇ ಸೈಫನ್ ಹಿಡಿದು ನೀರನ್ನು ಸರ್ರನೆ ಎಳೆಯುತ್ತದೆ. ಮಟ್ಟ ಎಲ್ಬೋ ಬಾಯಿಗಿಂತ ಕೆಳಗಿಳಿದಾಗ ಸೊರ್ರ್ ಅಂತ ಗಾಳಿ ಕುಡಿದು ಸೈಫನ್ ಕಡಿಯುತ್ತದೆ. ನೀರು ಮತ್ತೆ ಏರುತ್ತದೆ. ಹಗಲೂ ರಾತ್ರಿ ಇದೇ ಚಕ್ರ.

ಸರಿ, ತೂತು ಹಾಕೋಣ ಅಂತ ಸ್ಕ್ರೂಡ್ರೈವರನ್ನು ಗ್ಯಾಸ್ ಒಲೆಯಲ್ಲಿ ಕಾಯಿಸಿ ಚುಚ್ಚಿದೆ. ಕಿರುಬೆರಳು ಹೋಗುವಷ್ಟಾಯಿತು. ಚಕ್ರ ನಿಂತಿತು, ಅದರ ಜಾಗದಲ್ಲಿ ಭೋರ್ ಅನ್ನುವ ಸದ್ದು ಶುರುವಾಯಿತು. ತೂತು ದೊಡ್ಡದಾದಷ್ಟೂ ಪೈಪಿನೊಳಗಿನ ಸದ್ದು ಹೊರಬರುತ್ತದೆ. ಕೊನೆಗೆ ಹೊಸ ಕ್ಯಾಪು ತಂದು, ಸಣ್ಣ ತೂತು ಮಾಡಿ, ಏರ್‌ಪಂಪಿಗೆ ಹಾಕುವ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಗೆ ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ರೆಗ್ಯುಲೇಟರ್ ಹಾಕಿದೆ. ಗಾಳಿಯನ್ನು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಮಾಡುತ್ತಾ ಕೂತರೆ ಒಂದು ಬಿಂದುವಿನಲ್ಲಿ ಸದ್ದು ತಟ್ಟನೆ ಇಳಿಯುತ್ತದೆ.

ಇಳಿಯುತ್ತದೆ ಅಂದೆ, ಹೋಗುತ್ತದೆ ಅನ್ನಲಿಲ್ಲ. ನನ್ನದು ಒಂದು ಇಂಚಿನ ಪೈಪು. ಹವ್ಯಾಸಿಗಳ ಲೆಕ್ಕದಲ್ಲಿ ಒಂದು ಇಂಚಿನ ಡರ್ಸೋ ಸದ್ದಿಲ್ಲದೆ ಇಳಿಸುವುದು ಗಂಟೆಗೆ ಸಾವಿರ ಲೀಟರ್ ಚಿಲ್ಲರೆ. ಅದಕ್ಕಿಂತ ಹೆಚ್ಚಾದರೆ ನೀರು ಗೋಡೆ ಬಿಟ್ಟು ಪೈಪನ್ನು ಆಗಾಗ ಕಟ್ಟುತ್ತದೆ. ನಾನು ಅದರೊಳಗೆ 1800 ತುರುಕಿ ರೆಗ್ಯುಲೇಟರನ್ನು ಬೈಯುತ್ತಿದ್ದೆ. ಒಂದೂವರೆ ಇಂಚಿನ ಪೈಪಾಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತೋ ಏನೋ.

4. ಗಾಜಿಗೆ ಇನ್ನೊಂದು ತೂತು ಹಾಕಿಸುವಾಗ ಜಿಪುಣತನ ಬೇಡ.

ತೊಟ್ಟಿ ಮಾಡಿಸುವಾಗ ಡ್ರೇನಿಗೊಂದು, ರಿಟರ್ನಿಗೊಂದು ಸಾಕು ಅಂದಿದ್ದೆ. ಆಮೇಲೆ ಹರ್ಬಿ ವಿಧಾನದ ಬಗ್ಗೆ ತಿಳಿಯಿತು. ಅದರಲ್ಲಿ ಡ್ರೇನ್ ಪೈಪು ಎರಡು. ಒಂದು ಸದಾ ನೀರು ತುಂಬಿ ಹರಿಯುವ ಪೂರ್ಣ ಸೈಫನ್, ಅದಕ್ಕೊಂದು ವಾಲ್ವು. ಇನ್ನೊಂದು ಸ್ವಲ್ಪ ಎತ್ತರದಲ್ಲಿ ಖಾಲಿ ನಿಂತಿರುವ ತುರ್ತು ಪೈಪು. ಪಂಪು ಎಷ್ಟು ಏರಿಸುತ್ತದೋ ಸೈಫನ್ ಅಷ್ಟನ್ನೇ ಇಳಿಸುವಂತೆ ವಾಲ್ವನ್ನು ಹೊಂದಿಸಿದರೆ ಗಾಳಿಗೆ ಒಳಗೆ ಜಾಗವೇ ಇರುವುದಿಲ್ಲ. ಒಂದು ಇಂಚಿನ ಪೈಪು ಹೀಗೆ ತುಂಬಿ ಹರಿದರೆ ನನ್ನ ಕ್ಯಾಬಿನೆಟ್ಟಿನ ಎತ್ತರಕ್ಕೇ ಗಂಟೆಗೆ 3000 ಲೀಟರಿಗೂ ಮೀರಿ ಇಳಿಸಬಲ್ಲದು. ಡರ್ಸೋದಲ್ಲಿ ಏದುಸಿರು ಬಿಡುತ್ತಿದ್ದ ಅದೇ ಪೈಪು!

ಬೀನ್‌ಆನಿಮಲ್ ಅನ್ನುವ ವಿಧಾನದಲ್ಲಿ ಪೈಪು ಮೂರು: ಪೂರ್ಣ ಸೈಫನ್, ಗೋಡೆಗುಂಟ ತೆಳ್ಳಗೆ ನೀರಿಳಿಯುವ ಇನ್ನೊಂದು, ಮತ್ತೆ ತುರ್ತಿನದು. ಪಂಪಿನ ಹರಿವು ಚೂರು ಏರಿಳಿದರೆ ನಡುವಿನ ಪೈಪು ಅದನ್ನು ನುಂಗಿಕೊಳ್ಳುತ್ತದೆ. ಪದೇ ಪದೇ ವಾಲ್ವು ತಿರುಗಿಸುವ ಗೋಳಿಲ್ಲ. ಹೊಸದಾಗಿ ಕಟ್ಟುವವರಿಗೆ ನಾನು ಇದನ್ನೇ ಹೇಳುತ್ತೇನೆ. ನನ್ನ ತೊಟ್ಟಿಯಲ್ಲಿ ಜಾಗ ಇರಲಿಲ್ಲ. ರಿಟರ್ನ್ ಪೈಪನ್ನು ಅಂಚಿನ ಮೇಲಿಂದ ಬಳಸಿ ತಂದು, ಅದರ ತೂತನ್ನೇ ತುರ್ತು ಡ್ರೇನಿಗೆ ಕೊಟ್ಟು ಹರ್ಬಿ ಮಾಡಿಕೊಂಡೆ. ತುಂಬಿದ ತೊಟ್ಟಿಗೆ ಹೊಸ ತೂತು ಕೊರೆಯುವ ಧೈರ್ಯ ನನಗಿಲ್ಲ. ತಳದ ಗಾಜು ಟಫನ್ಡ್ ಆಗಿದ್ದರಂತೂ ಕೊರೆಯುವ ಮಾತೇ ಇಲ್ಲ, ಡ್ರಿಲ್ ತಾಗಿದರೆ ಇಡೀ ಗಾಜು ಪುಡಿಯಾಗುತ್ತದೆ.

5. ಸೈಫನ್ನಿಗೆ ಬಾಲ್ ವಾಲ್ವು ಹಾಕಿ ಗೋಳಾಡಬೇಡಿ.

ಬಾಲ್ ವಾಲ್ವಿನ ಹಿಡಿ ಪೂರ್ತಿ ತೆರೆದದ್ದರಿಂದ ಪೂರ್ತಿ ಮುಚ್ಚಿದ್ದಕ್ಕೆ ಕಾಲು ಸುತ್ತು. ಅಷ್ಟರೊಳಗೆ ನನಗೆ ಬೇಕಾದ ಜಾಗ ಒಂದೇ ಒಂದು ಗೆರೆಯಷ್ಟು ಅಗಲ. ಬೆರಳಲ್ಲಿ ಅತ್ತ ತಟ್ಟಿದರೆ ಬಾಕ್ಸಿನ ನೀರು ಇಳಿದು ಗಾಳಿ ಎಳೆಯುತ್ತಿತ್ತು, ಇತ್ತ ತಟ್ಟಿದರೆ ತುರ್ತು ಪೈಪಿಗೆ ಹರಿಯುತ್ತಿತ್ತು. ಗೇಟ್ ವಾಲ್ವಿಗೆ ಹಲವು ಸುತ್ತುಗಳಿರುತ್ತವೆ. ಕಾಲು ಸುತ್ತು ತಿರುಗಿಸಿ ಹತ್ತು ನಿಮಿಷ ಕಾದು ಮಟ್ಟ ನೋಡಬಹುದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದರೆ ಹಿತ್ತಾಳೆಯದು ಕೊಡುತ್ತಾರೆ. ಗಟ್ಟಿ, ಚೆಂದ, ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ. ಆದರೆ ಹಿತ್ತಾಳೆಯಲ್ಲಿ ತಾಮ್ರವಿದೆ, ಸಿಗಡಿಗೂ ಬಸವನಹುಳುಗಳಿಗೂ ತಾಮ್ರ ವಿಷ. ಸಮುದ್ರದ ನೀರಿನ ತೊಟ್ಟಿಗಂತೂ ತರಲೇಬಾರದು. ಪಿವಿಸಿ ಗೇಟ್ ವಾಲ್ವನ್ನೇ ತರಿಸಿಕೊಳ್ಳಿ, ಬರಲು ತಡವಾದರೂ ಸರಿ. ವಾಲ್ವನ್ನು ಪೈಪಿನ ಕೆಳತುದಿಯ ಹತ್ತಿರ ಕೂರಿಸಿ. ಮೇಲೆ ಕೂರಿಸಿದರೆ ಅದರ ಕೆಳಗಿನ ಪೈಪಿನಲ್ಲಿ ಒತ್ತಡ ಇಳಿದು, ಸರಿಯಾಗಿ ಅಂಟದ ಜಾಯಿಂಟಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ನೀರು ಹೊರಗೆ ಸೋರುವುದಿಲ್ಲವಾದ್ದರಿಂದ ತಪ್ಪು ಎಲ್ಲಿದೆ ಅಂತ ಕಾಣುವುದೂ ಇಲ್ಲ. ಬೋರ್‌ವೆಲ್ ನೀರಾದರೆ ಆಗಾಗ ವಾಲ್ವನ್ನು ಪೂರ್ತಿ ಆಡಿಸಿ ಮೊದಲಿನ ಜಾಗಕ್ಕೆ ತನ್ನಿ, ಸುಣ್ಣ ಕಟ್ಟಿ ಬಿಗಿದುಕೊಂಡರೆ ಆಮೇಲೆ ಜಗ್ಗುವುದಿಲ್ಲ.

6. ಸೈಫನ್ ಪೈಪಿನ ತುದಿ ಸಂಪಿನ ನೀರೊಳಗೆ ಒಂದು ಇಂಚು ಮುಳುಗಿದರೆ ಸಾಕು.

ತುದಿ ನೀರಿನ ಮೇಲಿದ್ದರೆ ಧೋ ಅಂತ ಬೀಳುತ್ತದೆ, ಗುಳ್ಳೆಯೂ ಜಾಸ್ತಿ. ಹಾಗಾದರೆ ಆಳಕ್ಕೆ ಹೋದಷ್ಟೂ ಒಳ್ಳೆಯದಲ್ಲವೇ? ನಾನು 8 ಇಂಚು ಇಳಿಸಿದ್ದೆ. ಹಗಲೆಲ್ಲ ತಣ್ಣಗಿತ್ತು. ರಾತ್ರಿ ಕರೆಂಟ್ ಹೋಯಿತು, ಬಂತು.

ಕರೆಂಟ್ ಹೋದಾಗ ಸೈಫನ್ ಕಡಿದು ಪೈಪಿನ ತುಂಬ ಗಾಳಿ ಸೇರಿಕೊಳ್ಳುತ್ತದೆ. ಪಂಪು ಮತ್ತೆ ಶುರುವಾದಾಗ ಆ ಗಾಳಿ ಕೆಳಗಿನ ತುದಿಯಿಂದಲೇ ಹೊರಬೀಳಬೇಕು. ತುದಿಯ ಮೇಲೆ 8 ಇಂಚು ನೀರು ಕೂತಿದ್ದರೆ ಅದನ್ನು ತಳ್ಳುವಷ್ಟು ಒತ್ತಡ ಮೇಲಿನಿಂದ ಬರಬೇಕು, ಬರಲಿಲ್ಲ. ನೀರು ಏರಿ ತುರ್ತು ಪೈಪಿಗೆ ಧುಮುಕಿತು. ಇಡೀ ಮನೆ ಎದ್ದಿತು. ಕೆಳಮನೆಯವರೂ ಎದ್ದಿದ್ದರು ಅಂತ ಬೆಳಿಗ್ಗೆ ಲಿಫ್ಟಿನಲ್ಲಿ ಗೊತ್ತಾಯಿತು. ಆ ಪೈಪನ್ನು ಹ್ಯಾಕ್ಸಾದಲ್ಲಿ ಕೊಯ್ದು ಒಂದು ಇಂಚಿಗೆ ತಂದ ಮೇಲೆ ಗಾಳಿ ಒಂದೆರಡು ನಿಮಿಷ ಬುಳುಬುಳು ಅಂದು ಹೊರಹೋಗುತ್ತದೆ, ಸೈಫನ್ ತಾನೇ ಹಿಡಿಯುತ್ತದೆ. ಪೈಪು ಅಡ್ಡ ಮಲಗಿದ ಕಡೆಯಲ್ಲೂ ಗಾಳಿ ಹೀಗೇ ಬೀಡುಬಿಡುತ್ತದೆ. ಅಡ್ಡ ಓಟ ಇರಲೇಬೇಕಾದರೆ ಇಳಿಜಾರು ಕೊಡಿ, ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಹಾಕಿ.

ಎಲ್ಲ ಸರಿಯಾಯಿತು ಅನ್ನಿಸಿದ ಮೇಲೆ ನೀವೇ ಸ್ವಿಚ್ ಆರಿಸಿ, ಹಾಕಿ, ಮತ್ತೆ ಆರಿಸಿ ನೋಡಬೇಕು. ವಿದ್ಯುತ್ ಕಂಪನಿಯವರು ಪರೀಕ್ಷೆ ಮಾಡುವ ಮುಂಚೆ.

7. 32 ಎಂ.ಎಂ. ಬೇರೆ, ಒಂದು ಇಂಚು ಬೇರೆ.

ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪನ್ನು ಹೊರ ವ್ಯಾಸದ ಮಿಲಿಮೀಟರಿನಲ್ಲಿ ಕರೆಯುತ್ತಾರೆ. ಮನೆ ಪ್ಲಂಬಿಂಗಿನ ಯುಪಿವಿಸಿ ಒಂದು ಇಂಚಿನ ಪೈಪಿನ ಹೊರ ವ್ಯಾಸ 33.4 ಎಂ.ಎಂ. ಬಿಸಿನೀರಿನ ಸಿಪಿವಿಸಿ ಒಂದು ಇಂಚು ಅಂದರೆ 28.6. ನಾನು ಊರಿನ ತೋಟದಲ್ಲಿ ಉಳಿದಿದ್ದ 32ರ ತುಂಡು ತಂದು ಒಂದು ಇಂಚಿನ ಎಲ್ಬೋಗೆ ಸಾಲ್ವೆಂಟ್ ಮೆತ್ತಿ ಕೂರಿಸಿದೆ. ಕೂತಿತು. ನೀರೂ ಸೋರಲಿಲ್ಲ, ಗಾಳಿ ಮಾತ್ರ ಎಳೆಯುತ್ತಿತ್ತು. ಒಂದೇ ಬಗೆಯ ಪೈಪು, ಅದಕ್ಕೊಪ್ಪುವ ಫಿಟಿಂಗು, ಗಾಜಿಗೆ ಟ್ಯಾಂಕ್ ನಿಪ್ಪಲ್, ಬಿಚ್ಚಲು ಒಂದು ಯೂನಿಯನ್. ಸಂಪಿನೊಳಗೆ ಇಳಿಯುವ ಕೊನೆಯ ತುಂಡನ್ನು ಅಂಟಿಸದೆ ಸುಮ್ಮನೆ ಸಿಕ್ಕಿಸಿ, ತೊಳೆಯಲು ಬೇಕಾಗುತ್ತದೆ.

8. ಓವರ್‌ಫ್ಲೋ ಬಾಕ್ಸಿನಲ್ಲಿ ನೀರು ಎತ್ತರದಲ್ಲೇ ನಿಲ್ಲಲಿ.

ಹಲ್ಲುಗಳಂತೆ ಕೊಯ್ದ ಅಂಚನ್ನು ದಾಟಿದ ನೀರು ಬಾಕ್ಸಿನೊಳಗೆ ಒಂದು ಅಡಿ ಬಿದ್ದರೆ ಸದ್ದೂ ಬರುತ್ತದೆ, ಗಾಳಿಯೂ ಬೆರೆಯುತ್ತದೆ. ಒಳಗಿನ ಮಟ್ಟ ಅಂಚಿನಿಂದ ಒಂದೆರಡು ಇಂಚು ಕೆಳಗಿದ್ದರೆ ಸಾಕು. ಸೈಫನ್ ಬಾಯಿಯ ಮೇಲೂ ಎರಡು ಮೂರು ಇಂಚು ನೀರಿರಬೇಕು, ಇಲ್ಲದಿದ್ದರೆ ಸುಳಿ ಎದ್ದು ಗಾಳಿಯನ್ನು ಒಳಗೆ ಎಳೆಯುತ್ತದೆ.

9. ಗುಳ್ಳೆ ಕಂಡ ಕೂಡಲೇ ಡ್ರೇನನ್ನು ದೂರಬೇಡಿ.

ಡ್ರೇನ್ ಮೌನವಾದ ಮೇಲೂ ಮೇಲಿನ ತೊಟ್ಟಿಯಲ್ಲಿ ಹಿಟ್ಟು ಚೆಲ್ಲಿದ ಹಾಗೆ ಸಣ್ಣ ಗುಳ್ಳೆಗಳು ತೇಲುತ್ತಿದ್ದವು. ಸಂಪಿನಲ್ಲಿ ಗಾಜಿನ ತಡೆಗಳನ್ನು ಹಾಕಿಸಿದೆ: ಒಂದರ ಮೇಲಿಂದ, ಮುಂದಿನದರ ಕೆಳಗಿನಿಂದ, ಮತ್ತೆ ಮೇಲಿಂದ ನೀರು ಹೋಗುವಂತೆ. ನೀರು ಕೆಳಗಿಳಿಯುವ ವೇಗಕ್ಕಿಂತ ಗುಳ್ಳೆ ಮೇಲೇರುವ ವೇಗ ಹೆಚ್ಚಿದ್ದರೆ ಅದು ತಪ್ಪಿಸಿಕೊಂಡು ಒಡೆಯುತ್ತದೆ. ಒಂದು ಮಿಲಿಮೀಟರಿನ ಗುಳ್ಳೆ ಸರಸರ ಏರುತ್ತದೆ. ಅದರ ಹತ್ತನೇ ಒಂದರಷ್ಟಿನದು ಸೆಕೆಂಡಿಗೆ ಅರ್ಧ ಸೆಂಟಿಮೀಟರ್ ತೆವಳುತ್ತದೆ. ಆದ್ದರಿಂದ ತಡೆಗಳ ನಡುವಿನ ಸಂದು ತೀರಾ ಕಿರಿದಾಗಬಾರದು, ಹರಿವು ಜೋರಾಗಿ ಗುಳ್ಳೆಯನ್ನೂ ಹೊತ್ತೊಯ್ಯುತ್ತದೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗುವುದು ಕಡಿಮೆ, ಅಲ್ಲಿ ಈ ಕಾಟ ಇನ್ನೂ ಹೆಚ್ಚು.

ತಡೆ ಹಾಕಿಸಿದರೂ ನನ್ನ ಗುಳ್ಳೆ ಹೋಗಲಿಲ್ಲ. ಬೇಸಿಗೆಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಸಂಪ್ ವ್ಯವಸ್ಥೆಯಲ್ಲಿ ನೀರು ಆರಿದ ನಷ್ಟವೆಲ್ಲ ಪಂಪು ಇರುವ ಕೊನೆಯ ಕೋಣೆಯಲ್ಲೇ ಕಾಣುವುದು. ಏಪ್ರಿಲಿನಲ್ಲಿ ಅಲ್ಲಿ ಮಟ್ಟ ಇಳಿದು, ಪಂಪು ಸುಳಿಯ ಮೂಲಕ ಗಾಳಿಯನ್ನೂ ಎಳೆದು, ಫ್ಯಾನಿನಲ್ಲಿ ಅರೆದು ಮೇಲೆ ಕಳಿಸುತ್ತಿತ್ತು. ಒಂದು ಬಕೆಟ್ ನೀರು ಸುರಿದರೆ ಹೋಗುವ ತೊಂದರೆಗೆ ನಾನು ಗಾಜು ಕೊಯ್ಯಿಸಿದ್ದೆ. ಈಗ ಕೂಲರಿಗೆ ಹಾಕುವಂಥ ಪ್ಲಾಸ್ಟಿಕ್ ಫ್ಲೋಟ್ ವಾಲ್ವೊಂದು ಪಕ್ಕದ ಕ್ಯಾನಿನಿಂದ ತಾನೇ ನೀರು ಬಿಟ್ಟುಕೊಳ್ಳುತ್ತದೆ. ನೀರು ಬದಲಿಸಿದ ದಿನ ಗಾಜಿಗೂ ಎಲೆಗೂ ಅಂಟುವ ಮುತ್ತಿನಂಥ ಗುಳ್ಳೆಗಳು ನಲ್ಲಿ ನೀರಿನಲ್ಲಿ ಕರಗಿದ್ದ ಗಾಳಿಯವು. ಅವಕ್ಕೆ ಏನೂ ಮಾಡಬೇಕಿಲ್ಲ.

10. ತುರ್ತು ಪೈಪಿನ ಸದ್ದನ್ನು ಉಳಿಸಿಕೊಳ್ಳಿ.

ಸೈಫನ್ ಹೊಂದಿಸಿದ ಮೇಲೂ ತುರ್ತು ಪೈಪಿಗೆ ಒಂದೆಳೆ ನೀರು ಹರಿದು ತಟತಟ ಅನ್ನುತ್ತಿತ್ತು. ಅಲ್ಲಿಯವರೆಗೆ ಸದ್ದೆಲ್ಲ ಅಡಗಿಸಿ ಗೆದ್ದವನ ಗತ್ತಿನಲ್ಲಿ ಅದರ ಬಾಯಿಗೆ ಸ್ಪಂಜು ತುರುಕಿದೆ. ಒಂದು ಬಸವನಹುಳು ಸೈಫನ್ ಪೈಪಿನೊಳಗೆ ಜಾರಿ, ಅರ್ಧ ಮುಚ್ಚಿದ್ದ ಗೇಟ್ ವಾಲ್ವಿನ ಬಾಯಲ್ಲಿ ಸಿಕ್ಕಿಕೊಂಡಿತು. ಆ ಹೊತ್ತಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆಗೆದಾಗ ಹಾಲಿನ ಕಾರ್ಪೆಟ್ ಒದ್ದೆ, ಪಂಪು ಒಣಗಿ ಗರ್ ಅನ್ನುತ್ತಿತ್ತು.

ಪುಣ್ಯಕ್ಕೆ ಪಂಪಿನ ಕೋಣೆ ಚಿಕ್ಕದು, 20 ಲೀಟರ್ ಹಿಡಿಯುವಂಥದು. ಡ್ರೇನ್ ಕಟ್ಟಿದಾಗ ಅಷ್ಟು ಮಾತ್ರ ಮೇಲೇರಲು ಸಾಧ್ಯವಿತ್ತು. ನನ್ನ ತೊಟ್ಟಿಯ ಮೇಲ್ಮೈಯಲ್ಲಿ ಒಂದು ಇಂಚು ಅಂದರೆ ಸುಮಾರು 14 ಲೀಟರ್; ಅಂಚಿನವರೆಗೆ ಅಷ್ಟೂ ಜಾಗ ಬಿಟ್ಟಿರಲಿಲ್ಲ. ಎರಡು ಇಂಚು ಬಿಟ್ಟಿದ್ದರೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಈಗ ಬಿಟ್ಟಿದ್ದೇನೆ, ಓವರ್‌ಫ್ಲೋ ಹಲ್ಲುಗಳಿಗೆ ಪ್ಲಾಸ್ಟಿಕ್ ಜಾಲರಿಯನ್ನೂ ಕಟ್ಟಿದ್ದೇನೆ.

ತುರ್ತು ಪೈಪಿಗೆ ವಾಲ್ವು ಬೇಡ, ಸ್ಪಂಜು ಬೇಡ, ಜಾಲರಿಯೂ ಬೇಡ. ಅದರ ಕೆಳತುದಿಯನ್ನು ಸಂಪಿನ ನೀರಿಗೆ ಮುಳುಗಿಸದೆ ಮೇಲೆಯೇ ಬಿಡಿ, ನೀರು ಬಂದರೆ ಧೋ ಅನ್ನಲಿ. ಆ ಸದ್ದು ಕೇಳಿದರೆ ಮೊದಲು ಗೇಟ್ ವಾಲ್ವನ್ನು ಪೂರ್ತಿ ತೆರೆಯಿರಿ, ಸಿಕ್ಕಿಕೊಂಡದ್ದು ಬಹುಪಾಲು ಹೊರಗೆ ಬಂದುಬಿಡುತ್ತದೆ. ಬಾರದಿದ್ದರೆ ಪಂಪು ಆರಿಸಿ, ಯೂನಿಯನ್ ಬಿಚ್ಚಿ, ಟಾರ್ಚ್ ಹಾಕಿ ಒಳಗೆ ನೋಡಿ. ಬಿಚ್ಚುವ ಮುಂಚೆ ಕೆಳಗೊಂದು ಬಕೆಟ್ ಇಡಿ. ಪೈಪಿನಲ್ಲಿ ನಿಂತ ನೀರು ನೀವಂದುಕೊಂಡದ್ದಕ್ಕಿಂತ ಹೆಚ್ಚಿರುತ್ತದೆ.